ಉಳಿದುಹೋದ ಒಂಬತ್ತನೆಯ ದಿನ

ಚೆನ್ನು ಅಕ್ಕಚ್ಚಿಗೆ ಬರುವುದು ತೆರ್ಸಿನ ಹೊತ್ತಿಗೇ. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿ ಸಿಪ್ಪೆ ಎಲ್ಲ ಸೇರಿಸಿ ಸೆರಫಿನ್ ಬಾಯಿ ಹಿಂಬಾಗಿಲ ಹತ್ತಿರ ಒಂದು ಮಡಕೆಯಲ್ಲಿ ಇಟ್ಟಿರುತ್ತಾಳೆ. ಚೆನ್ನು ಅದನ್ನು ತನ್ನ ದನಕ್ಕೆ ಒಯ್ಯಬೇಕು. ಆದರೆ ಪೊರ್ಬುಗಳ, ಎಂದರೆ ಕ್ರಿಸ್ತರ, ಮನೆಯಲ್ಲಿ ಮೇಣದ ಬತ್ತಿ ಹಚ್ಚಿ ಗಂಡ ಹೆಂಡತಿ ಮೊಣಕಾಲೂರಿದ ಮೇಲೆ ಮಾತಾಡಿಸಬಾರದೆಂದು ಹದಿನೈದು ವರ್ಷಗಳಿಂದ ಅವಳಿಗೆ ಗೊತ್ತು. ಹಾಗಾಗಿ ಜಗಲಿಯ ಮೆಟ್ಟಿಲಲ್ಲಿ ಖಾಲಿ ಕೊಡಪಾನವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಬಾಯಿಯಲ್ಲಿ ಎಲೆಯಡಿಕೆ ಇರುತ್ತದೆ, ಉಗುಳಲಿಕ್ಕೂ ಏಳುವುದಿಲ್ಲ.

ತೆರ್ಸು ಎಂದರೆ ಸಂಜೆಯ ಜಪಸರ. ಮನೆಯ ಹಿರಿಯ ಮಣಿ ಹಿಡಿದು ಜಪದ ಮೊದಲ ಅರ್ಧ ಹೇಳುತ್ತಾನೆ. ಅದು ಮರಿಯಮ್ಮನಿಗೆ ನಮಸ್ಕಾರ. ಉಳಿದವರು ಎರಡನೆಯ ಅರ್ಧ ಹೇಳುತ್ತಾರೆ. ಪಾಪಿಗಳಾದ ನಮಗಾಗಿ ಬೇಡು, ಈಗಲೂ ಸಾಯುವ ಗಳಿಗೆಯಲ್ಲೂ ಎಂದು. ಹೀಗೆ ಐವತ್ತಮೂರು ಸಲ. ಕೊಯಿಲದ ಆ ಮನೆಯಲ್ಲಿ ಮೊದಲ ಅರ್ಧ ಪಾಸ್ಕುವಿನದು. ಎರಡನೆಯ ಅರ್ಧ ಅವನ ಹೆಂಡತಿ ಸೆರಫಿನ್ ಮತ್ತು ಮಗಳು ಐರಿನಳದು.

ಈಗ ಹದಿಮೂರು ತಿಂಗಳಿಂದ ಎರಡನೆಯ ಅರ್ಧ ಇಲ್ಲ.

ಸೆರಫಿನ್ ಬಂದು ಮೊಣಕಾಲೂರುತ್ತಾಳೆ, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಪಾಸ್ಕು ತನ್ನ ಪಾಲಿನದ್ದನ್ನು ಹೇಳಿ ನಿಲ್ಲಿಸುತ್ತಾನೆ. ಅವಳು ಹೇಳುವುದಿಲ್ಲ. ಅವಳು ಹೇಳಿದ್ದರೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಅವನು ಕಾಯುತ್ತಾನೆ. ಆಮೇಲೆ ಮುಂದಿನ ಮಣಿಗೆ ಹೋಗುತ್ತಾನೆ. ಅವಳ ಅರ್ಧವನ್ನು ಅವನು ಒಂದು ದಿನವೂ ತಾನೇ ಹೇಳಿ ಮುಗಿಸಲಿಲ್ಲ. ಯಾಕೆ ಹೇಳುವುದಿಲ್ಲ ಎಂದು ಕೇಳಲೂ ಇಲ್ಲ. ಅಂಗಳದ ಆಚೆ ಸರ್ಕಾರಿ ಜಾನುವಾರು ಫಾರ್ಮಿನ ಗುಡ್ಡ, ಅದರ ಮೇಲೆ ಒಣಹುಲ್ಲು. ಅಲ್ಲಿಂದ ಗಾಳಿ ಬಂದರೆ ಮೇಣದ ಬತ್ತಿ ಒಂದು ಬದಿಗೆ ಕರಗುತ್ತದೆ, ಅಷ್ಟೆ.

"ನೀವು ಹೇಳುದಿಲ್ಲಾದರೆ ನಾನು ಹೇಳ್ತೇನೆ ಬಾಯಿ," ಎಂದಳು ಚೆನ್ನು ಒಂದು ಸಂಜೆ, ಅಕ್ಕಚ್ಚು ಹೊಯ್ಯಿಸಿಕೊಳ್ಳುತ್ತ. "ನನಗೆ ಪೂರ್ತಿ ಬರ್ತದೆ. ಕೇಳಿ ಕೇಳಿ ಬಾಯಿಪಾಠ ಆಗಿದೆ."

"ನಿನಗೆ ಅದರ ಅರ್ಥ ಗೊತ್ತುಂಟಾ?"

"ಅರ್ಥ ಎಂತಕ್ಕೆ ಮಾರಾಯ್ರೆ? ನನ್ನ ದನಕ್ಕೆ ನಾನು ಹೇಳಿದ್ದರ ಅರ್ಥ ಗೊತ್ತುಂಟಾ? ಬಾ ಅಂದರೆ ಬರ್ತದೆ."

ಸೆರಫಿನ್ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಮಡಕೆಯ ತಳದಲ್ಲಿ ನಿಂತ ಬೂದುಗುಂಬಳದ ಸಿಪ್ಪೆಯನ್ನು ಕೈಯಿಂದಲೇ ಬಳಿದು ಕೊಡಪಾನಕ್ಕೆ ಹಾಕಿದಳು.

*

ಐರಿನಳಿಗೆ ಹತ್ತೊಂಬತ್ತು. ಎಪ್ಪತ್ತಾರನೆಯ ಇಸವಿಯ ಆಗಸ್ಟು ಕೊನೆಗೆ ಅವಳ ಕಣ್ಣು ಹಳದಿಯಾಯಿತು. ಕಾಮಾಲೆಗೆ ಮದ್ದು ಕೊಡುವ ಜತ್ತಪ್ಪ ಬೇರು ಅರೆದು ಮಜ್ಜಿಗೆಯಲ್ಲಿ ಕೊಟ್ಟ, ಉಪ್ಪು ಎಣ್ಣೆ ಬಿಡಲಿಕ್ಕೆ ಹೇಳಿದ. ಉಪ್ಪಿನಂಗಡಿಯ ಡಾಕ್ಟರು ನೋಡಿ, ಕಡಿಮೆಯಾಗದಿದ್ದರೆ ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ತೆನೆ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನವೇನ, ಅದೇ ವಾರ ಸುರುವಾಗುವುದಿತ್ತು. ಪಾಸ್ಕು ಇಗರ್ಜಿಯಿಂದ ನವೇನದ ಮಡಚು ಕಾಗದ ತಂದ. ದಿನಕ್ಕೊಂದು ಪುಟ. ಒಂಬತ್ತು ದಿನ ಮನೆಯ ಅಲ್ತಾರಿನ, ದೇವರ ಪೀಠದ, ಮುಂದೆಯೇ, ಮನೆಯವರೆಲ್ಲ ಸೇರಿ ಹೇಳಬೇಕು. ನಡುವೆ ಮುರಿಯಬಾರದು, ಮುರಿದರೆ ಹೇಳಿದ್ದೆಲ್ಲ ಹೋಯಿತು ಎಂದು ಅವನ ತಾಯಿ ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಪಾಸ್ಕುವಿಗೆ ವಿಷಮಶೀತ ಜ್ವರ ಬಂದು ಬದುಕುವ ಆಸೆ ಇಲ್ಲದಾಗ ಆ ತಾಯಿ ಮಾಡಿದ್ದು ಇದೇ ನವೇನ. ಒಂಬತ್ತನೆಯ ಸಂಜೆ ಜ್ವರ ಬಿಟ್ಟಿತ್ತು. ಅದು ಅವನಿಗೆ ಯಾರೋ ಹೇಳಿದ ಕಥೆಯಲ್ಲ. ಬೆವತ ಅಂಗಿಯನ್ನು ತಾಯಿ ಬದಲಿಸಿದ್ದು ಅವನಿಗೆ ನೆನಪಿತ್ತು.

ಆರನೆಯ ದಿನ ಐರಿನ್ ತಿಂದದ್ದೆಲ್ಲ ಕಾರಿದಳು. ಗಂಡ ಹಾಲು ಕರೆಯುವ ಫಾರ್ಮಿನ ಹಟ್ಟಿಗೇ ಹೋಗಿ ಸೆರಫಿನ್ ಅವನಿಗೆ ಹೇಳಿದಳು.

"ಅದ್ರಾಮನ ಕಾರಿಗೆ ಹೇಳಿ. ನಾಳೆ ಬೆಳಿಗ್ಗೆ ಮಂಗಳೂರಿಗೆ ಹೋಗುವ."

"ಇನ್ನು ಮೂರು ದಿನ ಸೆರಫಿನ್. ಮೂರು ದಿನ ಉಂಟಲ್ಲ. ಮುಗಿಸಿಯೇ ಹೋಗುವ."

ಅವಳು ಇನ್ನೊಮ್ಮೆ ಹೇಳಲಿಲ್ಲ. ಹೇಳಬೇಕಿತ್ತು. ಅದನ್ನೂ ಅವಳು ಮರೆತಿರಲಿಲ್ಲ.

ಎಂಟನೆಯ ಸಂಜೆ ಐರಿನ್ ಗೋಡೆಗೆ ಒರಗಿ ಕೂತೇ ಉತ್ತರ ಹೇಳಿದಳು. ನಡುವೆ ಅವಳ ಮಾತು ತೊದಲಿತು. ತಾಯಿಯನ್ನು ನೋಡಿ ಬೇರೆ ಯಾರದೋ ಹೆಸರು ಕರೆದಳು. ಆಗ ಪಾಸ್ಕುವೇ ಓಡಿಹೋಗಿ ಅದ್ರಾಮನನ್ನು ಕರೆತಂದ. ಕಾರು ಉಪ್ಪಿನಂಗಡಿ ಸೇತುವೆ ದಾಟಿತು. ಮಾಣಿ ಹತ್ತಿರ ಬರುವಾಗ ಅದ್ರಾಮ ಕನ್ನಡಿಯಲ್ಲಿ ಹಿಂದೆ ನೋಡಿ ಕಾರನ್ನು ರಸ್ತೆಬದಿಗೆ ನಿಲ್ಲಿಸಿದ. ಏನೂ ಹೇಳದೆ ಇಳಿದು, ತಲೆಯ ಮೇಲಿನ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು, ಒಂದು ಮರದ ಕೆಳಗೆ ಹೋಗಿ ನಿಂತ.

ಮರುದಿನ ಮಣ್ಣು ಕೊಟ್ಟರು. ಅದು ಒಂಬತ್ತನೆಯ ದಿನ. ಅದರ ಮರುದಿನ ಹಬ್ಬ. ಅಕ್ಕಪಕ್ಕದ ಮನೆಗಳಿಗೆಲ್ಲ ಹೊಸ ತೆನೆ ಬಂತು.

ನವೇನದ ಕಾಗದ ಎಂಟನೆಯ ಪುಟದಲ್ಲಿ ಮಡಚಿದ್ದು ಹಾಗೆಯೇ ಅಲ್ತಾರಿನ ಮರಿಯಮ್ಮನ ಪಟದ ಹಿಂದೆ ಉಳಿಯಿತು. ಧೂಳು ಒರೆಸುವಾಗ ಸೆರಫಿನ್ ಪಟವನ್ನು ಎತ್ತಿ ಒರೆಸಿ, ಕಾಗದವನ್ನೂ ಒರೆಸಿ, ಇದ್ದಲ್ಲಿಯೇ ಇಡುತ್ತಿದ್ದಳು. ಅಳು ಬರುತ್ತಿರಲಿಲ್ಲ. ಮೊದಲ ವಾರ ಬಂದದ್ದೇ ಕೊನೆ. ಅನ್ನ ಬೇಯುತ್ತಿತ್ತು, ಬಟ್ಟೆ ಒಣಗುತ್ತಿತ್ತು, ಭಾನುವಾರ ಇಗರ್ಜಿಗೆ ಹೋಗಿ ಬರುವುದೂ ಆಗುತ್ತಿತ್ತು. ಕೈಯನ್ನು ಬಹಳ ಹೊತ್ತು ತಲೆಯಡಿಗೆ ಇಟ್ಟು ಮಲಗಿ ಎದ್ದಾಗ ಅದು ತನ್ನದಲ್ಲ ಅನ್ನಿಸುತ್ತದಲ್ಲ, ಅವಳಿಗೆ ಎಲ್ಲವೂ ಹಾಗಿತ್ತು.

*

ಅಕ್ಟೋಬರು ಜಪಸರದ ತಿಂಗಳು. ಆ ತಿಂಗಳಲ್ಲಿ ಇಗರ್ಜಿಯಿಂದ ಮರಿಯಮ್ಮನ ಒಂದು ಪ್ರತಿಮೆ ಹೊರಟು ವಾಡ್ಯದ, ಎಂದರೆ ಇಗರ್ಜಿಗೆ ಸೇರಿದ ಕೇರಿಯ, ಮನೆಯಿಂದ ಮನೆಗೆ ಹೋಗುತ್ತದೆ. ಒಂದೊಂದು ಸಂಜೆ ಒಂದೊಂದು ಮನೆ. ವಾಡ್ಯದವರೆಲ್ಲ ಅಲ್ಲಿ ಸೇರಿ ತೆರ್ಸು ಹೇಳುತ್ತಾರೆ. ವಾಡ್ಯದ ಮುಖ್ಯಸ್ಥ, ಗುರ್ಕಾರ ಬೊನವೆಂತೂರ, ಪಟ್ಟಿ ಹಿಡಿದು ಬಂದ. ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು.

"ಪಾಸ್ಕು, ನಿಮಗೆ ಹದಿನೇಳನೇ ತಾರೀಕು. ಕಡಲೆ ಬೇಯಿಸಿದರೆ ಸಾಕು ಬಾಯಿ, ಹೆಚ್ಚು ಎಂತ ಮಾಡ್ಬೇಡಿ. ಕಳೆದ ವರ್ಷ ಆ ಲಿಗೋರಿಯ ಮನೆಯಲ್ಲಿ ಹೋಳಿಗೆ ಮಾಡಿ, ಜನ ತೆರ್ಸು ಬಿಟ್ಟು ಅಡುಗೆಮನೆ ಕಡೆಯೇ ನೋಡ್ತಿದ್ದರು."

ಪಾಸ್ಕು ಹೆಂಡತಿಯ ಮುಖ ನೋಡಿದ.

"ನಮ್ಮ ಮನೆಗೆ ಬೇಡ ಗುರ್ಕಾರರೆ," ಎಂದಳು ಸೆರಫಿನ್.

"ಬೇಡ ಅಂದರೆ?"

"ಬೇಡ ಅಂದರೆ ಬೇಡ. ಸೀದಾ ಆಚೆ ಮನೆಗೆ ಹೋಗ್ಲಿ."

ಬೊನವೆಂತೂರ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿದ. "ಹಾಗೆ ದಾಟಿಸಿಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ. ಅದು ನೀವು ಪಾದ್ರಿಗಳ ಹತ್ತಿರವೇ ಹೇಳ್ಬೇಕು."

ಮರುದಿನ ಅವಳು ನಡೆದುಕೊಂಡೇ ಇಗರ್ಜಿಗೆ ಹೋದಳು. ಮುದಿ ಪಾದ್ರಿಗಳು ತಮ್ಮ ಮನೆಯ ಹಿಂದಿನ ಚಾವಡಿಯಲ್ಲಿ ಬಕೆಟಿನ ಉಪ್ಪುನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಎರಡೂ ಮೊಣಕಾಲು ಬಾತಿತ್ತು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು.

"ಪ್ರತಿಮೆ ಬೇಡಾದರೆ ಬೇಡ. ಬೊನವೆಂತೂರನಿಗೆ ನಾನು ಹೇಳ್ತೇನೆ. ಆದರೆ ನೀನು ಅದಕ್ಕೆ ಇಷ್ಟು ದೂರ ನಡೆದು ಬಂದದ್ದಲ್ಲ ಸೆರಫಿನ್."

ಅವಳು ಕಂಬದ ಹತ್ತಿರ ನೆಲದ ಮೇಲೆ ಕೂತಳು.

"ಆರನೇ ದಿನವೇ ಕರೆದುಕೊಂಡು ಹೋಗಿದ್ದರೆ ಮಗಳು ಬದುಕ್ತಿದ್ದಳಾ ಫಾದರ್?"

ಪಾದ್ರಿಗಳು ನೀರಿನಲ್ಲಿದ್ದ ತಮ್ಮ ಪಾದಗಳನ್ನೇ ನೋಡಿದರು. "ಗೊತ್ತಿಲ್ಲ." ಒಂದು ಪಾದಕ್ಕೆ ಇನ್ನೊಂದನ್ನು ಉಜ್ಜಿ, "ಬದುಕ್ತಿದ್ದಳೋ ಏನೋ," ಎಂದರು.

ಹದಿಮೂರು ತಿಂಗಳಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. "ಎಲ್ಲರೂ ದೇವರ ಚಿತ್ತ ಅಂದರು," ಎಂದಳು.

"ನಾನೂ ಅಂದೆ, ಮಣ್ಣು ಕೊಡುವ ದಿನ. ಅನ್ನಬಾರದಿತ್ತು. ಆ ಹೊತ್ತಿಗೆ ಬಾಯಿಗೆ ಬೇರೆ ಎಂತದೂ ಬರಲಿಲ್ಲ."

ಒಂದು ಕೋಳಿ ಬಂದು ಬಕೆಟಿನ ಸುತ್ತ ಸುಳಿದು ಹೋಯಿತು.

"ನನಗೆ ತೆರ್ಸು ಹೇಳ್ಲಿಕ್ಕೆ ಆಗುದಿಲ್ಲ ಫಾದರ್. ಕೂರ್ತೇನೆ. ಬಾಯಿ ಬಿಡ್ಲಿಕ್ಕೆ ಆಗುದಿಲ್ಲ. ನನ್ನ ಪಾಲಿಗೆ ಬರುದೇ ಆ ಅರ್ಧ. ಸಾಯುವ ಗಳಿಗೆಯದ್ದು."

"ಪಾಸ್ಕುವಿನ ಮೇಲೆ ಸಿಟ್ಟು ಉಂಟಾ?"

ಅವಳು ಯೋಚಿಸಿದಳು. "ಇಲ್ಲ. ಎಂತದೂ ಇಲ್ಲ."

"ಸಿಟ್ಟು ಇದ್ದಿದ್ದರೆ ಸುಲಭ ಇತ್ತು." ಪಾದ್ರಿಗಳು ಒಂದು ಕಾಲನ್ನು ಎತ್ತಿ ಒರೆಸಿಕೊಂಡರು. "ನನಗೂ ಎರಡು ವರ್ಷದಿಂದ ಹಾಗೆಯೇ. ಪ್ರಾರ್ಥನೆ ಅಂತ ಒಳಗೆ ಎಂತದೂ ಬರುದಿಲ್ಲ. ಒಣಗಿದ ಬಾವಿ."

ಅವಳು ತಲೆ ಎತ್ತಿದಳು. "ಮತ್ತೆ ದಿನಾ ಪೂಜೆ ಮಾಡ್ತೀರಲ್ಲ?"

"ಮತ್ತೆ ಎಂತ? ಗಂಟೆ ಹೊಡೀತಾರೆ, ಹೋಗ್ತೇನೆ." ಅವರು ನಕ್ಕರು, ನಗು ಕೆಮ್ಮಾಯಿತು. "ಶಿಲುಬೆಯ ಮೇಲೆ ಇದ್ದವನೂ ಯಾಕೆ ನನ್ನನ್ನು ಕೈಬಿಟ್ಟೆ ಅಂತಲೇ ಕೇಳಿದ್ದು. ಮೇಲಿಂದ ಒಂದು ಮಾತು ಬರಲಿಲ್ಲ. ಸ್ವಂತ ಮಗನಿಗೆ ಬರಲಿಲ್ಲ, ನಮಗೆ ಎಲ್ಲಿಂದ? ಆದರೆ ಅವನು ಆ ಕಡೆಗೇ ಮುಖ ಮಾಡಿ ಕೇಳಿದ, ಬೇರೆ ಕಡೆ ತಿರುಗಲಿಲ್ಲ. ನನಗೆ ಗೊತ್ತಿರುದು ಇಷ್ಟೇ."

ಅವಳು ಎದ್ದು ಹೊರಡುವಾಗ ಅವರು ಕೇಳಿದರು: "ನೀನು ಹೇಳದಿದ್ದರೆ ನಿನ್ನ ಪಾಲಿನದ್ದನ್ನು ಪಾಸ್ಕು ಹೇಳ್ತಾನಾ?"

"ಇಲ್ಲ. ಸುಮ್ಮನೆ ಇರ್ತಾರೆ. ನಾನು ಹೇಳುವಷ್ಟು ಹೊತ್ತು."

"ಪ್ರತಿ ಮಣಿಗೂ?"

"ಪ್ರತಿ ಮಣಿಗೂ."

ಪಾದ್ರಿಗಳು ಇನ್ನೊಂದು ಕಾಲನ್ನೂ ಎತ್ತಿ ಒರೆಸಿಕೊಂಡರು. "ಅಷ್ಟು ಕಾಯ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ," ಎಂದರು ಕೊನೆಗೆ.

ಅವಳು ಮೆಟ್ಟಿಲಿಳಿದು ನಿಂತಳು. "ಪ್ರತಿಮೆ ಬರ್ಲಿ ಬಿಡಿ ಫಾದರ್. ಗುರ್ಕಾರರಿಗೆ ಎಂತ ಹೇಳ್ಬೇಡಿ."

*

ಹದಿನೇಳನೇ ತಾರೀಕು ಜಗಲಿಯಿಂದ ಅಂಗಳದವರೆಗೆ ಜನ. ನಾಲ್ವರು ಗಂಡಸರು ಪ್ರತಿಮೆ ತಂದು ಅಲ್ತಾರಿನ ಕೆಳಗೆ ಮೇಜಿನ ಮೇಲೆ ಇಟ್ಟರು. ಚೆನ್ನು ಈ ಗದ್ದಲದಲ್ಲಿ ಮೆಟ್ಟಿಲು ಬಿಟ್ಟು ಹಿಂಬಾಗಿಲ ಹತ್ತಿರ ಕೂತಿದ್ದಳು. ಮನೆಯವನಾದ್ದರಿಂದ ಪಾಸ್ಕುವೇ ಮಣಿ ಹಿಡಿದು ಸುರು ಮಾಡಿದ.

ಮೊದಲ ಜಪದ ಮೊದಲ ಅರ್ಧ ಮುಗಿಯಿತು. ಹಿಂದಿನಿಂದ ನಲವತ್ತು ಜನ ಒಟ್ಟಿಗೆ ಉತ್ತರ ಹೇಳಿದರು.

ಪಾಸ್ಕುವಿನ ಬೆನ್ನು ಒಮ್ಮೆಲೇ ಸೆಟೆಯಿತು. ಹಿಂದಿನ ಸಾಲಿನಲ್ಲಿದ್ದ ಸೆರಫಿನ್ ಅದನ್ನು ನೋಡಿದಳು. ಅವಳ ತುಟಿ ಅಲುಗಲಿಲ್ಲ. ಅಷ್ಟು ದನಿಯ ನಡುವೆ ಅದು ಯಾರಿಗೂ ತಿಳಿಯುವಂತಿರಲಿಲ್ಲ. ಅವನು ಮುಂದೆ ಹೇಳುತ್ತ ಹೋದ, ಉತ್ತರ ಬರುತ್ತ ಹೋಯಿತು. ಹತ್ತು ಜಪಕ್ಕೊಮ್ಮೆ ನಿಲ್ಲಿಸುವುದು ಕ್ರಮ. ಎರಡನೆಯ ಹತ್ತರಲ್ಲಿ ಹತ್ತು ಮುಗಿದರೂ ಅವನು ನಿಲ್ಲಿಸಲಿಲ್ಲ. ಹನ್ನೊಂದು ಹೇಳಿದ, ಹನ್ನೆರಡು ಹೇಳಿದ. ಹದಿಮೂರಕ್ಕೆ ಬೊನವೆಂತೂರ ಜೋರಾಗಿ ಕೆಮ್ಮಿದ. ಆಗ ಪಾಸ್ಕು ಮಣಿಯನ್ನು ನೋಡಿಕೊಂಡ.

"ಸರ್ಕಾರಿ ಕೆಲಸದವನಲ್ಲವಾ," ಎಂದ ಬೊನವೆಂತೂರ ಆಮೇಲೆ ಕಡಲೆ ಬಾಯಿಗೆ ಹಾಕುತ್ತ, "ಓವರ್‌ಟೈಮ್ ಮಾಡಿಸಿದ ನಮ್ಮ ಹತ್ತಿರ." ಎಲ್ಲರೂ ನಕ್ಕರು. ಪಾಸ್ಕುವೂ ನಕ್ಕ ಹಾಗೆ ಮಾಡಿ ಚಹಾದ ಲೋಟಗಳನ್ನು ಒಳಗೆ ಒಯ್ದ.

ಮರುದಿನ ಸಂಜೆ ಪ್ರತಿಮೆ ಆಚೆ ಮನೆಗೆ ಹೋಯಿತು. ಪಾಸ್ಕು ಅದರೊಂದಿಗೆ ಹೋಗಲಿಲ್ಲ. ಫಾರ್ಮಿನ ಹಾಲು ಕರೆಯುವ ಕೆಲಸ ಮುಗಿಸಿ ಬಂದು, ಮಿಂದು, ಜಗಲಿಯ ಬೆಂಚಿನಲ್ಲಿ ಕೂತ. ಕತ್ತಲಾಗುತ್ತ ಬಂತು. ಸೆರಫಿನ್ ಒಳಗಿನಿಂದ ಎರಡು ಸಲ ಬಂದು ನೋಡಿದಳು. ಅವನು ಏಳಲಿಲ್ಲ. ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದ. ಇಪ್ಪತ್ತೈದು ವರ್ಷ ಕೆಚ್ಚಲು ಹಿಂಡಿ ಬೆರಳಿನ ಗಂಟುಗಳು ದಪ್ಪವಾಗಿದ್ದವು.

ಚೆನ್ನು ಬಂದು ಮೆಟ್ಟಿಲಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿದಳು. "ಎಂತ ಪೊರ್ಬುಳೆ, ಇವತ್ತು ಇಲ್ಲವಾ? ನಿನ್ನೆಯೇ ಎರಡು ದಿನದ್ದು ಹೇಳಿ ಆಯ್ತಾ?"

ಪಾಸ್ಕು ತೊಡೆಯ ಮೇಲಿನ ಕೈಗಳನ್ನೇ ನೋಡಿದ.

"ಅದು ಮುಗಿಯದೆ ನಾನು ಅಕ್ಕಚ್ಚು ಕೇಳುದು ಹೇಗೆ ಮಾರಾಯ್ರೆ? ಅಲ್ಲಿ ದನ ಕೂಗ್ತಾ ಉಂಟು."

"ಹೊತ್ತಾಯ್ತು," ಎಂದಳು ಸೆರಫಿನ್ ಬಾಗಿಲಲ್ಲಿ ನಿಂತು.

"ನನಗೆ ಇನ್ನು ಆಗುದಿಲ್ಲ ಸೆರಫಿನ್." ಅವನು ಅಂಗಳದ ಕಡೆ ನೋಡಿಯೇ ಹೇಳಿದ. "ನಿನ್ನೆವರೆಗೆ ಆಗ್ತಿತ್ತು. ನಿನ್ನೆ ಎಲ್ಲರೂ ಹೇಳಿದರಲ್ಲ. ಅದನ್ನು ಕೇಳಿದ ಮೇಲೆ ಇವತ್ತು ಒಬ್ಬನೇ ಹೇಳ್ಲಿಕ್ಕೆ ಆಗುದಿಲ್ಲ." ಆಮೇಲೆ, "ಮೂರು ದಿನ ಅಂತ ನಾನೇ ಹೇಳಿದ್ದು," ಎಂದ.

ಆ ಮಾತು ಆ ಮನೆಯಲ್ಲಿ ಹೊರಗೆ ಬಂದದ್ದು ಅದೇ ಮೊದಲು. ಅದು ಬಂದರೆ ಏನೋ ಆಗುತ್ತದೆ ಎಂದು ಸೆರಫಿನ್ ಇಷ್ಟು ದಿನ ನೆನೆಸಿದ್ದಳು. ಏನೂ ಆಗಲಿಲ್ಲ. ಅವನ ಕುತ್ತಿಗೆಯ ಹಿಂದೆ ಮಿಂದ ನೀರು ಇನ್ನೂ ಆರಿರಲಿಲ್ಲ. ಅವನಿಗೆ ಸರಿಯಾಗಿ ಒರೆಸಿಕೊಳ್ಳಲು ಯಾವತ್ತೂ ಬರುತ್ತಿರಲಿಲ್ಲ. ಇವತ್ತು ಇವನು ಕಾಯುವುದನ್ನು ಬಿಟ್ಟರೆ ನಾಳೆಯಿಂದ ಈ ಮನೆಯಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೂ ನೋವಾಗಿ ಅಲ್ಲ, ಒಲೆ ಆರಿದ್ದು ಗೊತ್ತಾಗುವ ಹಾಗೆ.

ಅವಳು ಒಳಗೆ ಹೋಗಿ ಮೇಣದ ಬತ್ತಿ ಹಚ್ಚಿದಳು. ಪಟದ ಹಿಂದಿನಿಂದ ಕಾಗದ ತೆಗೆದು, ಎಂಟನೆಯ ಪುಟದ ಮಡಿಕೆ ಬಿಚ್ಚಿ, ಮುಂದಿನದಕ್ಕೆ ತಿರುಗಿಸಿದಳು. ಅವನು ಯಾವಾಗಲೂ ಕೂರುವ ಮುಂದಿನ ಜಾಗದಲ್ಲಿ ತಾನು ಮೊಣಕಾಲೂರಿದಳು.

"ಬನ್ನಿ," ಎಂದಳು.

ಬೆಂಚು ಕಿರುಗುಟ್ಟಿತು. ಅವನು ಬಂದು ಹಿಂದೆ, ಅವಳ ಜಾಗದಲ್ಲಿ ಕೂತ. ಕಾಗದ ನೋಡಿದ್ದೇ ಅವನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು.

"ಒಂಬತ್ತನೆಯ ದಿನ," ಎಂದು ಓದಿದಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಪುಟದ ನಡುವೆ, ಎಂಟು ದಿನವೂ ಇದ್ದ ಹಾಗೆ, ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಇಲ್ಲಿ ನಿಮ್ಮ ಕೋರಿಕೆಯನ್ನು ಹೇಳಿ. ಎಂಟು ದಿನ ಅಲ್ಲಿ ಮೂವರೂ ಒಟ್ಟಿಗೆ ಒಂದೇ ಮಾತು ಹೇಳಿದ್ದರು, ಐರಿನ್ ತನ್ನ ಹೆಸರನ್ನು ತಾನೇ ಹೇಳಲು ನಾಚಿಕೊಂಡು.

ಸೆರಫಿನ್ ನಿಲ್ಲಿಸಿದಳು. ಕೇಳಲು ಏನೂ ಇರಲಿಲ್ಲ. ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಲೂ ಆಗಲಿಲ್ಲ. ಒಂದು ಕೋರಿಕೆ ಹೇಳಲು ಬೇಕಾಗುವಷ್ಟು ಹೊತ್ತು ಸುಮ್ಮನೆ ಇದ್ದಳು. ಬತ್ತಿಯಿಂದ ಮೇಣ ಇಳಿದು ತಟ್ಟೆಗೆ ಬಿತ್ತು. ಆಮೇಲೆ ಮುಂದೆ ಓದಿದಳು.

ಪುಟದ ಕೊನೆಗೆ ಮೂರು ಜಪ ಇತ್ತು. ಮೊದಲನೆಯದರ ಮೊದಲ ಅರ್ಧ ಹೇಳಿ ನಿಲ್ಲಿಸಿದಳು. ಹಿಂದಿನಿಂದ ಉತ್ತರ ಬರಲಿಲ್ಲ. ಈಗ ಅದು ಅವನ ಪಾಲಿಗೆ ಬಂದಿತ್ತು, ಪಾಪಿಗಳದ್ದು, ಸಾಯುವ ಗಳಿಗೆಯದ್ದು. ಅವಳು ಕಾದಳು. ಕಾಯುವುದು ಎಷ್ಟು ಉದ್ದ ಎಂದು ಆಗ ಗೊತ್ತಾಯಿತು. ಇದನ್ನು ಅವನು ಹದಿಮೂರು ತಿಂಗಳು ಮಾಡಿದ್ದ. ಎರಡನೆಯದನ್ನು ಹೇಳಿ ಕಾದಳು. ಅವನು ಮೊಣಕಾಲು ಸರಿಸಿ ಊರಿದ್ದು ಕೇಳಿಸಿತು.

ಮೂರನೆಯದನ್ನು ಹೇಳಿ ನಿಲ್ಲಿಸಿದಳು. ಹೊರಗೆ ಮೆಟ್ಟಿಲಲ್ಲಿ ಚೆನ್ನು ಕೂಡ ಅಗಿಯುವುದನ್ನು ನಿಲ್ಲಿಸಿದ್ದಳು.

ಪಾಸ್ಕು ಹೇಳಿದ. ಮರಳಿನ ಮೇಲೆ ಪಾತ್ರೆ ಎಳೆದ ಹಾಗೆ, ತಡೆದು ತಡೆದು, ಕೊನೆಯವರೆಗೆ ಹೇಳಿದ. ಕೊನೆಯ ಮಾತುಗಳಿಗೆ ಬರುವಾಗ ಅವನ ಹಣೆ ನೆಲಕ್ಕೆ ತಾಗಿತ್ತು.

ಸೆರಫಿನ್ ಶಿಲುಬೆಯ ಗುರುತು ಹಾಕಿಕೊಂಡಳು. ಎದೆ ಹಗುರವಾಗಲಿಲ್ಲ, ಅಳುವೂ ಬರಲಿಲ್ಲ. ಒಂಬತ್ತು ಪುಟ ಮುಗಿದಿತ್ತು, ಅಷ್ಟೆ. ಕಾಗದವನ್ನು ಮೊದಲಿದ್ದ ಮಡಿಕೆಗಳಲ್ಲಿ ಮಡಚಿ, ಪಟದ ಹಿಂದೆ ಇಡದೆ, ಇಗರ್ಜಿಗೆ ಹೋಗುವ ಚೀಲದಲ್ಲಿ ಹಾಕಿದಳು. ಹೆಗಲ ಮೇಲಿನ ಬೈರಾಸನ್ನು ಅವನಿಗೆ ಕೊಟ್ಟು, "ಕುತ್ತಿಗೆ ಒರೆಸಿಕೊಳ್ಳಿ, ಶೀತ ಆಗ್ತದೆ," ಎಂದಳು.

ಅವನು ಒರೆಸಿಕೊಂಡ. "ನಾಳೆ?" ಎಂದ.

"ನಾಳೆ ನೀವೇ ಸುರು ಮಾಡಿ."

"ಉತ್ತರ?"

ಅವಳು ಹಿಂಬಾಗಿಲ ಕಡೆ ಹೋಗುತ್ತ ನಿಂತಳು. "ಗೊತ್ತಿಲ್ಲ," ಎಂದಳು. "ಕಾದು ನೋಡಿ."

"ಆಯ್ತಾ ಬಾಯಿ?" ಚೆನ್ನು ಹೊರಗಿನಿಂದ ಕೂಗಿದಳು.

"ಆಯ್ತು. ಹಿಂದೆ ಬಾ."

ಮಡಕೆ ಇವತ್ತು ತುಂಬಿತ್ತು, ನಿನ್ನೆಯ ಕಡಲೆ ಬೇಯಿಸಿದ ನೀರೂ ಅದರಲ್ಲಿತ್ತು. ಸೆರಫಿನ್ ಎರಡೂ ಕೈಯಲ್ಲಿ ಅದನ್ನು ಎತ್ತಿ, ಚೆಲ್ಲದ ಹಾಗೆ, ನಿಧಾನವಾಗಿ ಕೊಡಪಾನಕ್ಕೆ ಬಗ್ಗಿಸಿದಳು.